ಪೊರೆ ತೆಗೆಸುವ ಮುನ್ನ: ಯಾವ ಲೆನ್ಸ್, ಎಷ್ಟು ದೂರಕ್ಕೆ?

ಕಣ್ಣಿನ ಪೊರೆ ತೆಗೆಸಲು ದಿನ ಗೊತ್ತಾದ ಮೇಲೆ ಆಸ್ಪತ್ರೆಯ ಕೌನ್ಸೆಲರ್ ಒಂದು ಹಾಳೆ ಮುಂದಿಡುತ್ತಾರೆ. ಎಡಕ್ಕೆ ಐದಾರು ಲೆನ್ಸ್‌ಗಳ ಹೆಸರು, ಬಲಕ್ಕೆ ದರ. ಫೋಲ್ಡಬಲ್, ಇಂಪೋರ್ಟೆಡ್, ಟೋರಿಕ್, ಮಲ್ಟಿಫೋಕಲ್. ಮಗ ದರದ ಕಡೆ ನೋಡುತ್ತಾನೆ, ಅಪ್ಪ ಮಗನ ಮುಖ ನೋಡುತ್ತಾರೆ. “ಕಣ್ಣಿನ ವಿಷಯ, ದುಬಾರಿಯದ್ದೇ ಇರಲಿ” ಎಂದೋ “ಮಧ್ಯದ್ದು ಹಾಕಿಬಿಡಿ” ಎಂದೋ ಹತ್ತು ನಿಮಿಷದಲ್ಲಿ ತೀರ್ಮಾನ ಮುಗಿಯುತ್ತದೆ. ಒಳಗೆ ಕೂತ ಲೆನ್ಸ್ ಮಾತ್ರ ಉಳಿದ ಆಯುಷ್ಯವೆಲ್ಲ ಅಲ್ಲೇ ಇರುತ್ತದೆ.

ಈ ಹಾಳೆ ಕೈಗೆ ಬರುವ ಮೊದಲೇ ಉತ್ತರ ಸಿದ್ಧವಿರಬೇಕಾದ ಪ್ರಶ್ನೆ ಒಂದೇ: ಕನ್ನಡಕ ಇಲ್ಲದೆ ಎಷ್ಟು ದೂರದ್ದು ಸ್ಪಷ್ಟವಾಗಿ ಕಾಣಬೇಕು? ಅದು ಗೊತ್ತಾದರೆ ಲೆನ್ಸ್‌ನ ಜಾತಿ ತಾನಾಗಿ ಹೊರಬೀಳುತ್ತದೆ. ಬ್ರಾಂಡ್ ಕೊನೆಯ ಮಾತು. ನಡುವೆ ಇನ್ನೊಂದು ವಿಷಯವಿದೆ, ಅದನ್ನು ಯಾರೂ ಕೇಳುವುದಿಲ್ಲ: ಕಣ್ಣಿನ ಅಳತೆ ಎಷ್ಟು ಸರಿಯಾಗಿ ಆಗಿದೆ ಎನ್ನುವುದು.

ಒಳಗೆ ಏನಿದೆ, ಏನು ಬರುತ್ತದೆ

ನಮ್ಮ ಹುಟ್ಟು ಲೆನ್ಸ್ ಸುಮಾರು 9ರಿಂದ 10 ಮಿ.ಮೀ. ಅಗಲ, 4ರಿಂದ 5 ಮಿ.ಮೀ. ದಪ್ಪ. ಎಳೆಯ ವಯಸ್ಸಿನಲ್ಲಿ ಅದು ಹತ್ತಿರ ನೋಡುವಾಗ ಉಬ್ಬುತ್ತದೆ, ದೂರ ನೋಡುವಾಗ ಚಪ್ಪಟೆಯಾಗುತ್ತದೆ. ನಲವತ್ತು ದಾಟಿದ ಮೇಲೆ ಈ ಮೆದುತನ ಹೋಗುತ್ತದೆ, ಚಾಳೀಸು ಬರುತ್ತದೆ. ಇನ್ನೂ ವಯಸ್ಸಾದಂತೆ ಅದೇ ಲೆನ್ಸ್ ಮಂಜಾಗುತ್ತದೆ. ಅದೇ ಪೊರೆ. ಕಣ್ಣಿನ ಮೇಲೆ ಬೆಳೆಯುವ ತೊಗಲಲ್ಲ ಅದು, ಒಳಗಿನ ಲೆನ್ಸೇ ಕೆಟ್ಟಿರುವುದು.

ಆಪರೇಷನ್‌ನಲ್ಲಿ ಈ ಮಂಜಾದ ತಿರುಳನ್ನು ತೆಗೆದು, ಅದನ್ನು ಸುತ್ತಿದ್ದ ತೆಳುವಾದ ಚೀಲವನ್ನು ಉಳಿಸಿಕೊಂಡು, ಆ ಚೀಲದೊಳಗೆ ಹೊಸ ಲೆನ್ಸ್ ಕೂರಿಸುತ್ತಾರೆ. ಹೊಸದರ ಬಿಲ್ಲೆ ಸುಮಾರು 6 ಮಿ.ಮೀ., ಅದಕ್ಕೆ ಎರಡು ಬಾಗಿದ ತೋಳುಗಳು. ತುದಿಯಿಂದ ತುದಿಗೆ 12ರಿಂದ 13 ಮಿ.ಮೀ. ಇದು ಉಬ್ಬುವುದೂ ಇಲ್ಲ, ಚಪ್ಪಟೆಯಾಗುವುದೂ ಇಲ್ಲ. ಆದ್ದರಿಂದ ಸಾಮಾನ್ಯ ಲೆನ್ಸ್ ಒಂದೇ ದೂರಕ್ಕೆ ಸ್ಪಷ್ಟ. ಮಾರುಕಟ್ಟೆಯಲ್ಲಿರುವ ಉಳಿದ ಹೆಚ್ಚಿನ ಬಗೆಗಳು ಈ ಒಂದು ಮಿತಿಯನ್ನು ದಾಟಲು ಹುಡುಕಿದ ದಾರಿಗಳು, ಪ್ರತಿಯೊಂದು ದಾರಿಗೂ ಅದರದೇ ಸುಂಕ ಇದೆ.

ಎರಡು ಮಾತು ಇಲ್ಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಜನ “ಲೇಸರ್ ಆಪರೇಷನ್” ಎನ್ನುವ ಫೇಕೋದಲ್ಲಿ ಪೊರೆಯನ್ನು ಪುಡಿ ಮಾಡುವುದು ಅಲ್ಟ್ರಾಸೌಂಡ್ ಕಂಪನ, ಲೇಸರ್ ಅಲ್ಲ. ಅದಕ್ಕೆ 2.2ರಿಂದ 2.8 ಮಿ.ಮೀ. ಗಾಯ ಸಾಕು, ಮಡಚಿದ ಲೆನ್ಸ್ ಅದರೊಳಗೆ ತೂರಿ ಒಳಗೆ ಬಿಚ್ಚಿಕೊಳ್ಳುತ್ತದೆ. ಫೆಮ್ಟೊ ಲೇಸರ್ ಎನ್ನುವ ಬೇರೆ ಯಂತ್ರವೊಂದಿದೆ. ಅದು ಗಾಯ ಮಾಡುವ, ಚೀಲ ತೆರೆಯುವ, ತಿರುಳನ್ನು ಮೊದಲೇ ತುಂಡರಿಸುವ ಕೆಲವು ಹಂತಗಳನ್ನು ಮಾಡಿಕೊಡುತ್ತದೆ, ಅಷ್ಟೇ. ಆ ಪ್ಯಾಕೇಜಿನ ಹೆಚ್ಚುವರಿ ದುಡ್ಡು ಯಂತ್ರದ್ದು, ಲೆನ್ಸ್‌ನದ್ದಲ್ಲ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಡಲು ಕೇಳಿ.

ಎರಡನೆಯದು, “ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ” ಎನ್ನುವ ಹಳೆಯ ಮಾತು. ಇಡೀ ಪೊರೆಯನ್ನು ಒಂದೇ ತುಂಡಾಗಿ ಹೊರತೆಗೆಯುತ್ತಿದ್ದ ಕಾಲಕ್ಕೆ ಅದು ಸರಿಯಿತ್ತು. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಜನರ ಪೊರೆ ತೆಗೆದ ದಿನಗಳಲ್ಲಿ ಒಳಗೆ ಲೆನ್ಸ್ ಹಾಕುವ ಪದ್ಧತಿ ಇಲ್ಲಿ ಬಳಕೆಗೆ ಬಂದಿರಲಿಲ್ಲ. ಪೊರೆ ತೆಗೆಸಿಕೊಂಡವರು +10ರ ಆಸುಪಾಸಿನ ಸೀಸೆ ತಳದಂಥ ಕನ್ನಡಕ ಹಾಕಿಕೊಳ್ಳುತ್ತಿದ್ದರು, ಅದರಲ್ಲಿ ಎಲ್ಲವೂ ಕಾಲು ಪಾಲು ದೊಡ್ಡದಾಗಿ ಕಾಣುತ್ತಿತ್ತು. ಈಗ ಹಣ್ಣಾಗುವವರೆಗೆ ಕಾದರೆ ನಷ್ಟವೇ: ತಿರುಳು ಗಟ್ಟಿಯಾದಷ್ಟೂ ಒಡೆಯಲು ಹೆಚ್ಚು ಶಕ್ತಿ ಬೇಕು, ಬೆಳಕಿನಿಂದ ಅಳೆಯುವ ಯಂತ್ರಕ್ಕೆ ಒಳಗಿನದು ಕಾಣುವುದಿಲ್ಲ, ಚಿತ್ರ ಮೂಡುವ ಹಿಂಬದಿಯ ಪದರವಾದ ರೆಟಿನಾ ಹೇಗಿದೆ ಎಂದು ಮೊದಲೇ ನೋಡಲಾಗುವುದಿಲ್ಲ. ದಿನನಿತ್ಯದ ಕೆಲಸಕ್ಕೆ ತೊಂದರೆ ಶುರುವಾದಾಗಲೇ ಸರಿಯಾದ ಸಮಯ.

ಮನೆಯಲ್ಲಿ ಟೇಪು ಹಿಡಿದು ಅಳೆಯಿರಿ

ಟೈಲರ್ ಟೇಪು ಸಾಕು. ಆಪರೇಷನ್ ಆಗುವವರನ್ನು ಅವರ ಮಾಮೂಲಿ ಜಾಗದಲ್ಲಿ, ಮಾಮೂಲಿ ಭಂಗಿಯಲ್ಲಿ ಕೂರಿಸಿ. ಕಣ್ಣಿನ ಹೊರತುದಿಯಿಂದ ಅವರು ನೋಡುವ ವಸ್ತುವಿನವರೆಗೆ ಅಳೆದು ಬರೆದುಕೊಳ್ಳಿ. ಹೂ ಕಟ್ಟುವವರಿಗೆ, ಸೂಜಿಗೆ ದಾರ ಪೋಣಿಸುವವರಿಗೆ, ಪಂಚಾಂಗ ಓದುವವರಿಗೆ ಇದು 35ರಿಂದ 40 ಸೆಂ.ಮೀ. ಬರುತ್ತದೆ. ಮೊರದಲ್ಲಿ ಅಕ್ಕಿ ಆರಿಸುವಾಗ 50ರ ಆಸುಪಾಸು. ಕಂಪ್ಯೂಟರ್ ಪರದೆ 60ರಿಂದ 70. ನಿಂತುಕೊಂಡು ಒಲೆಯ ಮೇಲಿನ ಪಾತ್ರೆ ನೋಡುವಾಗ 70ರಿಂದ 80. ಟೀವಿ 2ರಿಂದ 3 ಮೀಟರ್. ಬಸ್ಸಿನ ಬೋರ್ಡು, ಎದುರು ಬರುವವರ ಮುಖ, ತೋಟದ ಇನ್ನೊಂದು ತುದಿ ಎಲ್ಲವೂ ‘ದೂರ’ದ ಲೆಕ್ಕ.

ಈ ಸೆಂಟಿಮೀಟರನ್ನು ಕಣ್ಣಿನ ನಂಬರಿಗೆ ತಿರುಗಿಸುವುದು ಸುಲಭ. 100ನ್ನು ಆ ದೂರದಿಂದ ಭಾಗಿಸಿ. 40 ಸೆಂ.ಮೀ. ಎಂದರೆ 2.5. 50 ಎಂದರೆ 2. 80 ಎಂದರೆ 1.25. ಆಪರೇಷನ್ ನಂತರ ಕಣ್ಣಿನಲ್ಲಿ ಮೈನಸ್ 2.5 ಉಳಿಯುವಂತೆ ಲೆನ್ಸ್ ಪವರ್ ಆರಿಸಿದರೆ 40 ಸೆಂ.ಮೀ.ನಲ್ಲಿ ಹಿಡಿದ ಪುಸ್ತಕ ಕನ್ನಡಕವಿಲ್ಲದೆ ಓದಬಹುದು, ದೂರಕ್ಕೆ ಕನ್ನಡಕ ಬೇಕು. ಸೊನ್ನೆ ಉಳಿಸಿದರೆ ದೂರ ಚೆನ್ನಾಗಿ, ಓದಲು ಚಾಳೀಸು. ಇದಕ್ಕೆ ‘ಟಾರ್ಗೆಟ್’ ಎನ್ನುತ್ತಾರೆ. ಲೆನ್ಸ್ ಅದೇ, ಪೆಟ್ಟಿಗೆಯ ಮೇಲಿನ ಪವರ್ ಮಾತ್ರ ಬೇರೆ, ಬೆಲೆಯೂ ಬದಲಾಗುವುದಿಲ್ಲ.

ಕೇಳದಿದ್ದರೆ ಹೆಚ್ಚಿನ ಕಡೆ ಸೊನ್ನೆಗೆ ಅಥವಾ ಮೈನಸ್ 0.25ಕ್ಕೆ ಇಡುತ್ತಾರೆ. ಬಹುಪಾಲು ಜನರಿಗೆ ಅದೇ ಸರಿ. ಪೆಟ್ಟು ತಿನ್ನುವವರು ಹುಟ್ಟಾ ಮೈನಸ್ ನಂಬರಿನವರು. ಮೈನಸ್ 3 ಇರುವವರು ಜೀವನವಿಡೀ ಕನ್ನಡಕ ತೆಗೆದಿಟ್ಟು ಓದಿದವರು. ರಾತ್ರಿ ಎದ್ದು ಗಡಿಯಾರ ನೋಡುವುದು, ಮಾತ್ರೆಯ ಹೆಸರು ಓದುವುದು, ಉಗುರು ಕತ್ತರಿಸುವುದು ಎಲ್ಲ ಬರಿಗಣ್ಣಲ್ಲಿ. ಅವರ ಕಣ್ಣನ್ನು ಸೊನ್ನೆಗೆ ತಂದರೆ ದೂರ ಅದ್ಭುತವಾಗಿ ಕಾಣುತ್ತದೆ, ಕೈಯಲ್ಲಿರುವುದು ಕಾಣುವುದಿಲ್ಲ. ಆಪರೇಷನ್ ಲೆಕ್ಕದಲ್ಲಿ ಗೆದ್ದಿದ್ದರೂ ಅವರು “ಮೊದಲೇ ಚೆನ್ನಾಗಿತ್ತು” ಎನ್ನುತ್ತಾರೆ. ಅದು ಸುಳ್ಳಲ್ಲ. ಇಂಥವರು ಮೈನಸ್ 2ರಿಂದ 2.5ರ ಟಾರ್ಗೆಟ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಲೇಬೇಕು.

ಮೈನಸ್ 8, 10 ಇದ್ದವರಿಗೆ ಇನ್ನೊಂದು ಎಚ್ಚರಿಕೆ. ಒಂದು ಕಣ್ಣು ಸೊನ್ನೆಗೆ ಬಂದು ಇನ್ನೊಂದು ಮೈನಸ್ 8ರಲ್ಲೇ ಉಳಿದರೆ ಕನ್ನಡಕದಲ್ಲಿ ಎರಡನ್ನೂ ಹೊಂದಿಸಲಾಗುವುದಿಲ್ಲ. ಎರಡು ಕಣ್ಣಿಗೆ ಎರಡು ಗಾತ್ರದ ಚಿತ್ರ ಕಂಡು ತಲೆ ತಿರುಗುತ್ತದೆ. ಎರಡನೆಯ ಕಣ್ಣಿನ ದಿನವನ್ನೂ ಮೊದಲೇ ಗೊತ್ತುಮಾಡಿಕೊಂಡು, ನಡುವಿನ ದಿನಗಳಿಗೆ ಆ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಆಗುತ್ತದೆಯೇ ಎಂದು ಕೇಳಿ.

ಅಳತೆ: ದುಡ್ಡಿಗಿಂತ ಇಲ್ಲಿ ಗಮನ ಕೊಡಿ

ಲೆನ್ಸ್ ಪವರ್ ಲೆಕ್ಕ ಹಾಕಲು ಮುಖ್ಯವಾಗಿ ಎರಡು ಅಳತೆ ಬೇಕು: ಕಣ್ಣುಗುಡ್ಡೆಯ ಉದ್ದ ಮತ್ತು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಬಾಗು. 1980ರ ಎಸ್‌ಆರ್‌ಕೆ ಸೂತ್ರವನ್ನು ಈಗ ಯಾರೂ ಬಳಸುವುದಿಲ್ಲ, ಆದರೆ ಅಳತೆಯ ತಪ್ಪು ಎಷ್ಟು ದುಬಾರಿ ಎಂದು ತೋರಿಸಲು ಅದರಷ್ಟು ಸರಳವಾದದ್ದು ಇನ್ನೊಂದಿಲ್ಲ. ತಯಾರಕರು ಕೊಡುವ ಲೆನ್ಸ್‌ನ ಸ್ಥಿರಾಂಕದಿಂದ, ಉದ್ದದ 2.5 ಪಟ್ಟು ಮತ್ತು ಕಾರ್ನಿಯಾ ಪವರಿನ 0.9 ಪಟ್ಟನ್ನು ಕಳೆಯಬೇಕು. ಸ್ಥಿರಾಂಕ 118.4, ಉದ್ದ 23.5 ಮಿ.ಮೀ., ಕಾರ್ನಿಯಾ 44 ಇದ್ದರೆ: 118.4ರಲ್ಲಿ 58.75 ಮತ್ತು 39.6 ಕಳೆದು ಸುಮಾರು 20. ಅದೇ ಕಣ್ಣನ್ನು 22.5 ಎಂದು ತಪ್ಪಾಗಿ ಅಳೆದರೆ ಉತ್ತರ 22.5 ದಾಟುತ್ತದೆ. ಲೆನ್ಸ್‌ಗಳು ಬರುವುದು 0.5ರ ಮೆಟ್ಟಿಲಲ್ಲಿ. ಒಂದು ಮಿಲಿಮೀಟರ್ ತಪ್ಪಿಗೆ ಐದು ಮೆಟ್ಟಿಲು ಆಚೆ ಹೋಯಿತು. ಎಷ್ಟೇ ದುಬಾರಿ ಲೆನ್ಸ್ ಆದರೂ ಈ ತಪ್ಪನ್ನು ತಿದ್ದುವುದಿಲ್ಲ.

ಈ ತಪ್ಪು ಹೇಗೆ ಆಗುತ್ತದೆ? ಉದ್ದ ಅಳೆಯಲು ಎರಡು ವಿಧಾನ. ಬೆಳಕಿನ ಯಂತ್ರದಲ್ಲಿ ಗಲ್ಲವಿಟ್ಟು ಒಂದು ಚುಕ್ಕೆ ನೋಡಿದರೆ ಸಾಕು, ಏನೂ ಕಣ್ಣಿಗೆ ತಾಗುವುದಿಲ್ಲ. ಇದು ಹೆಚ್ಚು ನಿಖರ. ಹಳೆಯ ಎ-ಸ್ಕ್ಯಾನ್‌ನಲ್ಲಿ ಪೆನ್ನಿನಂಥ ಸಲಕರಣೆಯನ್ನು ಕಾರ್ನಿಯಾದ ಮೇಲೆ ಮುಟ್ಟಿಸುತ್ತಾರೆ. ಕೈ ಸ್ವಲ್ಪ ಒತ್ತಿದರೂ ಕಾರ್ನಿಯಾ ಒಳಗೆ ತಗ್ಗುತ್ತದೆ, ಕಣ್ಣು ನಿಜಕ್ಕಿಂತ ಗಿಡ್ಡ ಎಂದು ಬರುತ್ತದೆ, ಪವರ್ ಹೆಚ್ಚಿನದು ಬೀಳುತ್ತದೆ, ಆಪರೇಷನ್ ಆದ ಮೇಲೆ ಮೈನಸ್ ನಂಬರ್ ಉಳಿಯುತ್ತದೆ. ನುರಿತ ಕೈಯಲ್ಲಿ ಎ-ಸ್ಕ್ಯಾನ್ ಕೂಡ ಚೆನ್ನಾಗಿಯೇ ಬರುತ್ತದೆ. ಬಲಿತ ಪೊರೆಯಿದ್ದರೆ ಬೇರೆ ದಾರಿಯೂ ಇಲ್ಲ. ಆದರೆ ಮಲ್ಟಿಫೋಕಲ್‌ಗೆ ದುಡ್ಡು ಕೊಡುತ್ತಿದ್ದು ಅಳತೆ ಮಾತ್ರ ಮುಟ್ಟಿಸುವ ಎ-ಸ್ಕ್ಯಾನ್‌ನಲ್ಲಿ ಆಗಿದ್ದರೆ, ಬೆಳಕಿನ ಯಂತ್ರವಿರುವ ಕಡೆ ಇನ್ನೊಮ್ಮೆ ಅಳತೆ ಮಾಡಿಸಿ.

ಅಳತೆಯ ಹಾಳೆಯ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ‘ಎ.ಎಲ್.’ ಎನ್ನುವುದು ಉದ್ದ, ‘ಕೆ1’ ಮತ್ತು ‘ಕೆ2’ ಕಾರ್ನಿಯಾದ ಎರಡು ಬಾಗುಗಳು. ಎರಡು ಕಣ್ಣಿನ ಉದ್ದದಲ್ಲಿ 0.3 ಮಿ.ಮೀ.ಗಿಂತ ಹೆಚ್ಚು ಅಂತರ, ಅಥವಾ ಎರಡು ಕಣ್ಣಿನ ಕೆ ಸರಾಸರಿಯಲ್ಲಿ 1ಕ್ಕಿಂತ ಹೆಚ್ಚು ಅಂತರ ಕಂಡರೆ “ಇನ್ನೊಮ್ಮೆ ಅಳೆಯುತ್ತೀರಾ?” ಎಂದು ಕೇಳುವುದು ಉದ್ಧಟತನವಲ್ಲ. ಒಳ್ಳೆಯ ಟೆಕ್ನಿಷಿಯನ್ ತಾವೇ ಮಾಡುತ್ತಾರೆ. ಮೊದಲಿಂದಲೂ ಒಂದು ಕಣ್ಣಿಗೆ ಮಾತ್ರ ಹೆಚ್ಚು ನಂಬರ್ ಇದ್ದರೆ ಆ ಅಂತರ ಸಹಜ. ಅದಕ್ಕೇ ಹಳೆಯ ಕನ್ನಡಕದ ಚೀಟಿ ಜೊತೆಗಿರಲಿ.

ಅಳತೆಗೆ ಹೋಗುವ ಮುಂಚೆ ನಿಮ್ಮ ಕೈಯಲ್ಲಿರುವುದು ಇಷ್ಟು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಒಂದೆರಡು ವಾರ, ಗಟ್ಟಿ ಲೆನ್ಸ್‌ನವರು ಮೂರು-ನಾಲ್ಕು ವಾರ ಮೊದಲೇ ನಿಲ್ಲಿಸಬೇಕು, ಏಕೆಂದರೆ ಅವು ಕಾರ್ನಿಯಾದ ಆಕಾರ ಬದಲಿಸಿರುತ್ತವೆ. ಕಣ್ಣು ಒಣಗಿ ಉರಿಯುತ್ತಿದ್ದರೆ ಅದಕ್ಕೆ ಮೊದಲು ಚಿಕಿತ್ಸೆ, ಆಮೇಲೆ ಅಳತೆ. ಒಣಕಣ್ಣಿನ ಮೇಲೆ ಕೆ ಪ್ರತಿ ಸಲ ಬೇರೆ ಬೇರೆ ಬರುತ್ತದೆ. ಮರಗಟ್ಟಿಸುವ ಅಥವಾ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವ ಮುಂಚೆಯೇ ಕೆ ಅಳತೆ ಮುಗಿದಿರಲಿ. ಹಿಂದೆ ಕನ್ನಡಕ ಬಿಡಲು ಲೇಸಿಕ್ ಎಂಬ ಕಾರ್ನಿಯಾದ ಲೇಸರ್ ಚಿಕಿತ್ಸೆ ಮಾಡಿಸಿಕೊಂಡಿದ್ದರೆ ಮೊದಲ ವಾಕ್ಯದಲ್ಲೇ ಹೇಳಿ: ಮೈನಸ್ ತೆಗೆಯಲು ಲೇಸಿಕ್ ಆದ ಕಣ್ಣಿಗೆ ಸಾಮಾನ್ಯ ಸೂತ್ರ ಹಾಕಿದರೆ ಪವರ್ ಕಡಿಮೆ ಬಿದ್ದು ಪ್ಲಸ್ ನಂಬರ್ ಉಳಿಯುತ್ತದೆ, ಆಗ ದೂರವೂ ಮಬ್ಬು, ಹತ್ತಿರ ಇನ್ನೂ ಮಬ್ಬು. ಅಂಥ ಕಣ್ಣುಗಳಿಗೆ ಬೇರೆ ಸೂತ್ರಗಳಿವೆ.

ಎಲ್ಲ ಸರಿಯಾಗಿ ಮಾಡಿದರೂ 0.5ರಷ್ಟು ಆಚೀಚೆ ಆಗುವುದು ಸಹಜ. ಲೆನ್ಸ್ ಚೀಲದೊಳಗೆ ಎಷ್ಟು ಮುಂದೆ ಅಥವಾ ಹಿಂದೆ ನೆಲೆಗೊಳ್ಳುತ್ತದೆ ಎನ್ನುವುದು ಊಹೆಯೇ. “ಕನ್ನಡಕ ಬೇಕಾಗುವುದೇ ಇಲ್ಲ, ಗ್ಯಾರಂಟಿ” ಎನ್ನುವ ಮಾತನ್ನು ಯಾವ ಲೆನ್ಸ್‌ಗೂ ನಂಬಬೇಡಿ.

ಬಗೆಗಳು

ಮೋನೋಫೋಕಲ್ ಎಂದರೆ ಒಂದೇ ದೂರದ್ದು. ಬಂದ ಬೆಳಕನ್ನೆಲ್ಲ ಒಂದೇ ಚಿತ್ರಕ್ಕೆ ಕೊಡುವುದರಿಂದ ಇದರಷ್ಟು ಗರಿಗರಿಯಾದ ನೋಟ ಬೇರೆ ಯಾವುದರಲ್ಲೂ ಇಲ್ಲ, ಮುಸ್ಸಂಜೆ ಬೆಳಕಿನಲ್ಲಂತೂ ಇದೇ ಮೇಲು. ಆಸ್ಫೆರಿಕ್ ಎಂದು ಬರೆದಿದ್ದರೆ ಅಂಚಿನ ಬಾಗು ತಿದ್ದಿದ್ದು ಎಂದರ್ಥ. ಪಾಪೆ ಹಿಗ್ಗಿದಾಗ, ಅಂದರೆ ರಾತ್ರಿ ಹೊತ್ತು, ಅದರ ಉಪಯೋಗ ಸ್ವಲ್ಪ ಗೊತ್ತಾಗುತ್ತದೆ. ಸಣ್ಣ ಬೆಲೆ ವ್ಯತ್ಯಾಸವಾದರೆ ತೆಗೆದುಕೊಳ್ಳಿ.

ಇದರದೇ ಸುಧಾರಿತ ರೂಪ ಎನ್ಹಾನ್ಸ್ಡ್ ಮೋನೋಫೋಕಲ್. ಟೆಕ್ನಿಸ್ ಐಹ್ಯಾನ್ಸ್ ಈ ಗುಂಪಿನದು. ಬಿಲ್ಲೆಯ ನಡುಭಾಗದಲ್ಲಿ ಪವರ್ ತುಸು ಹೆಚ್ಚು. ದೂರದ ಜೊತೆಗೆ ಕೈ ಚಾಚಿದಷ್ಟು ದೂರ, ಅಂದರೆ ಒಲೆ, ತಟ್ಟೆ, ಅಂಗಡಿಯ ತಕ್ಕಡಿ, ಸ್ವಲ್ಪ ಉತ್ತಮವಾಗುತ್ತದೆ. ಸಣ್ಣಕ್ಷರಕ್ಕೆ ಚಾಳೀಸು ಬೇಕೇ ಬೇಕು. ರಾತ್ರಿ ದೀಪದ ಸುತ್ತ ಬಳೆಯಂಥ ಬೆಳಕಿನ ಉಂಗುರ ಕಾಣುವ ತೊಂದರೆ ಮೋನೋಫೋಕಲ್‌ನಷ್ಟೇ.

ಟೋರಿಕ್ ಬಗ್ಗೆ ಜನರಿಗೆ ಗೊತ್ತಿರುವುದು ಕಡಿಮೆ, ಉಪಯೋಗ ಮಾತ್ರ ದೊಡ್ಡದು. ಕಾರ್ನಿಯಾ ಚೆಂಡಿನಂತೆ ಗುಂಡಗಿರದೆ ಮೊಟ್ಟೆಯಂತೆ ಒಂದು ಕಡೆ ಹೆಚ್ಚು ಬಾಗಿದ್ದರೆ ಅದೇ ಸಿಲಿಂಡರ್ ಪವರ್. ಕನ್ನಡಕದ ಚೀಟಿಯಲ್ಲಿರುವ ಸಿಲಿಂಡರ್ ನೋಡಿ ತೀರ್ಮಾನಿಸಬೇಡಿ. ಅದರಲ್ಲಿ ಹಳೆಯ ಲೆನ್ಸ್‌ನ ಪಾಲೂ ಸೇರಿರುತ್ತದೆ, ಆ ಲೆನ್ಸ್ ಹೊರಗೆ ಹೋಗಲಿದೆ. ನೋಡಬೇಕಾದ್ದು ಅಳತೆಯ ಹಾಳೆಯ ಕೆ1, ಕೆ2. ಒಂದು 43, ಇನ್ನೊಂದು 45.25 ಇದ್ದರೆ ಅಂತರ 2.25. ಸಾದಾ ಲೆನ್ಸ್ ಹಾಕಿದರೆ ಇಷ್ಟೂ ಉಳಿಯುತ್ತದೆ, ದೂರಕ್ಕೂ ಕನ್ನಡಕ ತಪ್ಪುವುದಿಲ್ಲ. ಅಂತರ ಸುಮಾರು 1 ದಾಟಿದರೆ ಟೋರಿಕ್ ಬಗ್ಗೆ ಕೇಳಿ.

ಟೋರಿಕ್‌ನ ಕಷ್ಟವೆಲ್ಲ ಅದರ ದಿಕ್ಕಿನಲ್ಲಿದೆ. ಬಿಲ್ಲೆಯ ಅಂಚಿನಲ್ಲಿ ಸಣ್ಣ ಚುಕ್ಕೆಗಳ ಸಾಲು ಇರುತ್ತದೆ. ಅವು ಕಾರ್ನಿಯಾದ ನಿಗದಿತ ಕೋನಕ್ಕೆ ಕೂರಬೇಕು. ಒಂದು ಡಿಗ್ರಿ ತಿರುಗಿದರೆ ನೂರಕ್ಕೆ 3ರಷ್ಟು ಫಲ ಹೋಗುತ್ತದೆ, 10 ಡಿಗ್ರಿಗೆ ಮೂರನೇ ಒಂದು ಭಾಗ, 30 ಡಿಗ್ರಿಗೆ ಪೂರ್ತಿ ಸೊನ್ನೆ. ಅದಕ್ಕೂ ಮೇಲೆ ತಿರುಗಿದರೆ ಇದ್ದದ್ದಕ್ಕಿಂತ ಹೆಚ್ಚಾಗುತ್ತದೆ. ಮಲಗಿದಾಗ ಕಣ್ಣುಗುಡ್ಡೆ ಕೆಲವು ಡಿಗ್ರಿ ತಿರುಗುವುದರಿಂದ ಗುರುತನ್ನು ಕೂತಿರುವಾಗಲೇ ಹಾಕುತ್ತಾರೆ, ಇಲ್ಲವೇ ಕಣ್ಣಿನ ಬಿಳಿಭಾಗದ ರಕ್ತನಾಳಗಳ ಚಿತ್ರ ಹಿಡಿದು ಯಂತ್ರವೇ ದಿಕ್ಕು ತೋರಿಸುತ್ತದೆ. ಮರುದಿನ ನೋಟ ನಿರೀಕ್ಷೆಗಿಂತ ತೀರಾ ಮಬ್ಬಾಗಿದ್ದರೆ “ಲೆನ್ಸ್ ತಿರುಗಿದೆಯಾ ನೋಡಿ” ಎಂದು ಕೇಳಿ. ಮೊದಲ ಕೆಲವು ವಾರಗಳಲ್ಲಿ ಅದನ್ನು ಮತ್ತೆ ಸರಿಯಾದ ಕೋನಕ್ಕೆ ತಿರುಗಿಸಬಹುದು. ಚೀಲ ಅದನ್ನು ಬಿಗಿಹಿಡಿದ ಮೇಲೆ ಕಷ್ಟ.

ಮಲ್ಟಿಫೋಕಲ್, ಟ್ರೈಫೋಕಲ್. ಹೆಚ್ಚು ದುಡ್ಡು, ಹೆಚ್ಚು ಆಸೆ, ಹೆಚ್ಚು ಬೇಸರ ಎಲ್ಲವೂ ಇದರಲ್ಲೇ. ಬಿಲ್ಲೆಯ ಮೇಲೆ ನೀರಿನ ಅಲೆಯಂಥ ಸೂಕ್ಷ್ಮ ಉಂಗುರಗಳಿರುತ್ತವೆ. ಒಳಬಂದ ಬೆಳಕನ್ನು ಅವು ದೂರಕ್ಕೆ, ಸುಮಾರು 60ರಿಂದ 80 ಸೆಂ.ಮೀ.ಗೆ ಮತ್ತು 40 ಸೆಂ.ಮೀ.ಗೆ ಎಂದು ಹಂಚುತ್ತವೆ. ಮೂರೂ ಚಿತ್ರಗಳು ಒಟ್ಟಿಗೇ ರೆಟಿನಾದ ಮೇಲೆ ಬೀಳುತ್ತವೆ, ಬೇಕಾದದ್ದನ್ನು ಮಿದುಳು ಆರಿಸಿಕೊಳ್ಳುತ್ತದೆ. ಆಲ್ಕಾನ್‌ನ ಪ್ಯಾನ್‌ಆಪ್ಟಿಕ್ಸ್ ಈ ಜಾತಿಯದು. ಹೊಂದಿಕೊಂಡವರು ಹೆಚ್ಚಿನ ಸಮಯ ಕನ್ನಡಕವಿಲ್ಲದೆ ಇರುತ್ತಾರೆ, ಅದು ನಿಜವಾದ ಲಾಭ. ಸುಂಕ ಹೀಗೆ: ಬೆಳಕು ಹಂಚಿಹೋದದ್ದರಿಂದ ಕಪ್ಪು-ಬಿಳಿಯ ನಡುವಿನ ಎದ್ದುಕಾಣುವಿಕೆ ಇಳಿಯುತ್ತದೆ. ಮಂಕು ಬಲ್ಬಿನ ಕೆಳಗೆ ಪತ್ರಿಕೆ ಓದಲು ತಡಕಾಡಬೇಕು. ರಾತ್ರಿ ಹೆದ್ದಾರಿಯಲ್ಲಿ ಎದುರಿನ ಲಾರಿಯ ದೀಪದ ಸುತ್ತ ಬಳೆಗಳು ಕಾಣುತ್ತವೆ. ಮಿದುಳು ಇದಕ್ಕೆ ಹೊಂದಿಕೊಳ್ಳಲು ಮೂರರಿಂದ ಆರು ತಿಂಗಳು ಹಿಡಿಯಬಹುದು. ಬಳೆ ಪೂರ್ತಿ ಮಾಯವಾಗುವುದಿಲ್ಲ, ಹೆಚ್ಚಿನವರಿಗೆ ಅದರ ಕಡೆ ಗಮನ ಹೋಗುವುದು ನಿಲ್ಲುತ್ತದೆ.

ಯಾರಿಗೆ ಇದು ಬೇಡ? ರಾತ್ರಿ ಗಾಡಿ ಓಡಿಸಿಯೇ ಹೊಟ್ಟೆ ಹೊರೆಯುವವರಿಗೆ. ಕಣ್ಣಿನ ನರ ಸವೆಯುವ ಗ್ಲಾಕೋಮಾ ಇದ್ದವರಿಗೆ. ಸಕ್ಕರೆ ಕಾಯಿಲೆಯಿಂದ ರೆಟಿನಾ ಕೆಟ್ಟವರಿಗೆ, ರೆಟಿನಾದ ನಡುಬಿಂದು ಸವೆದವರಿಗೆ. ಕಾರ್ನಿಯಾ ವಕ್ರವಾಗಿರುವವರಿಗೆ, ಕಣ್ಣು ತೀರಾ ಒಣಗುವವರಿಗೆ. ಇವರ ಕಣ್ಣಿನಲ್ಲಿ ಮೊದಲೇ ಚಿತ್ರ ಕುಂದಿರುತ್ತದೆ, ಲೆನ್ಸ್ ಅದನ್ನು ಇನ್ನಷ್ಟು ಹಂಚಿದರೆ ಉಳಿಯುವುದು ಕಡಿಮೆ. ಹೊರನೋಟಕ್ಕೆ ರೆಟಿನಾ ಚೆನ್ನಾಗಿದೆ ಎನಿಸಿದರೂ ಪೊರೆಯ ಹಿಂದೆ ತೆಳುವಾದ ಊತ ಅಥವಾ ಪದರ ಅಡಗಿರಬಹುದು. ಮಲ್ಟಿಫೋಕಲ್‌ಗೆ ಒಪ್ಪುವ ಮೊದಲು ರೆಟಿನಾವನ್ನು ಪದರ ಪದರವಾಗಿ ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿಸಲೇಬೇಕು. ಅದಿಲ್ಲದೆ ಮಲ್ಟಿಫೋಕಲ್ ಹಾಕುತ್ತೇವೆ ಎಂದರೆ ಆ ಕಡೆ ಬೇಡ. ಇನ್ನೊಂದು, ಕೆ ಅಂತರ ಹೆಚ್ಚಿದ್ದರೆ ಟೋರಿಕ್ ಮಲ್ಟಿಫೋಕಲ್ ಬೇಕು. ಸಿಲಿಂಡರ್ ಉಳಿದ ಕಣ್ಣಿಗೆ ಸಾದಾ ಮಲ್ಟಿಫೋಕಲ್ ಹಾಕಿದರೆ ಮೂರು ದೂರವೂ ಮಬ್ಬು.

ಇಡಾಫ್ ಎಂದು ಕರೆಯುವವು ದೂರದಿಂದ ಕಂಪ್ಯೂಟರ್ ಪರದೆಯವರೆಗೆ ನೋಟವನ್ನು ಎಳೆದು ಹಿಗ್ಗಿಸುತ್ತವೆ. ಸಣ್ಣಕ್ಷರಕ್ಕೆ +1ರಿಂದ +1.5ರ ಚಾಳೀಸು ಬೇಕಾಗುತ್ತದೆ. ಬಳೆಗಳು ಟ್ರೈಫೋಕಲ್‌ಗಿಂತ ಕಡಿಮೆ. ಆಲ್ಕಾನ್‌ನ ವಿವಿಟಿ ಇದಕ್ಕೆ ಉದಾಹರಣೆ. ಕೂತು ಕೆಲಸ ಮಾಡುವ, ಆಗಾಗ ಗಾಡಿಯನ್ನೂ ಓಡಿಸುವ ಐವತ್ತರವರಿಗೆ ಇದು ಒಪ್ಪುತ್ತದೆ.

ದುಬಾರಿ ಲೆನ್ಸ್ ಇಲ್ಲದೆ ಹತ್ತಿರ-ದೂರ ಎರಡನ್ನೂ ಒಂದಿಷ್ಟು ಪಡೆಯುವ ಹಳೆಯ ಉಪಾಯ ಮೋನೋವಿಷನ್. ಎರಡೂ ಕಣ್ಣಿಗೆ ಸಾದಾ ಮೋನೋಫೋಕಲ್, ಒಂದರ ಟಾರ್ಗೆಟ್ ಸೊನ್ನೆ, ಇನ್ನೊಂದರದ್ದು ಮೈನಸ್ 0.75ರಿಂದ 1.5. ಪ್ರಬಲವಾದ ಕಣ್ಣಿಗೆ ಸಾಮಾನ್ಯವಾಗಿ ದೂರ. ಪ್ರಬಲ ಕಣ್ಣು ಯಾವುದೆಂದು ಮನೆಯಲ್ಲೇ ತಿಳಿಯಬಹುದು: ಎರಡು ಅಂಗೈಗಳನ್ನು ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ ಗೋಡೆ ಗಡಿಯಾರವನ್ನು ಅದರಲ್ಲಿ ಹಿಡಿಯಿರಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೋ ಅದು ಪ್ರಬಲ. ಪೊರೆ ಇನ್ನೂ ತೆಳುವಿದ್ದರೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಒಂದು ವಾರ ಹೀಗೇ ಬದುಕಿ ನೋಡಬಹುದು. ಮೆಟ್ಟಿಲಿಳಿಯುವಾಗ ಆಳದ ಅಂದಾಜು ತಪ್ಪುತ್ತಿದೆ ಎನಿಸಿದರೆ ಇದು ಬೇಡ.

ಇಷ್ಟೆಲ್ಲ ಹೇಳಿ ಒಂದು ಅಭಿಪ್ರಾಯ ಕೊಡದಿದ್ದರೆ ತಪ್ಪಾಗುತ್ತದೆ. ಅರವತ್ತೈದು ದಾಟಿ, ಕನ್ನಡಕ ಮೂಗಿನ ಮೇಲಿರುವುದು ಅಭ್ಯಾಸವಾಗಿರುವವರಿಗೆ ಒಳ್ಳೆಯ ಮೋನೋಫೋಕಲ್ ಮತ್ತು ಎಚ್ಚರದ ಅಳತೆಯೇ ಸರಿಯಾದ ಆಯ್ಕೆ. ಕೈಯಲ್ಲಿ ಹೆಚ್ಚುವರಿ ದುಡ್ಡಿದ್ದು ಕೆ ಅಂತರ 1.25 ದಾಟಿದ್ದರೆ ಅದನ್ನು ಟೋರಿಕ್‌ಗೆ ಹಾಕಿ. ಮಲ್ಟಿಫೋಕಲ್ ತೆಗೆದುಕೊಳ್ಳಬೇಕಾದ್ದು ಕಣ್ಣು ಬೇರೆಲ್ಲ ರೀತಿಯಲ್ಲಿ ಆರೋಗ್ಯವಾಗಿದ್ದು, ಕನ್ನಡಕ ತೊಲಗಲಿ ಎಂದು ಆ ವ್ಯಕ್ತಿಯೇ ಬಯಸಿದಾಗ. ಮಕ್ಕಳ ಪ್ರೀತಿಗಾಗಿ ಅಲ್ಲ.

ಇಂಡಿಯನ್ನೋ ಇಂಪೋರ್ಟೆಡ್ಡೋ

1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹ್ಯಾರಲ್ಡ್ ರಿಡ್ಲಿ ಮೊದಲ ಲೆನ್ಸ್ ಇಟ್ಟದ್ದು ಪಿಎಂಎಂಎ ಎಂಬ ಗಟ್ಟಿ ಅಕ್ರಿಲಿಕ್‌ನದು. ಯುದ್ಧವಿಮಾನದ ಕಾಕ್‌ಪಿಟ್ಟಿನ ಮುಚ್ಚಳ ಒಡೆದು ಪೈಲಟ್‌ಗಳ ಕಣ್ಣು ಹೊಕ್ಕ ಚೂರುಗಳು ಒಳಗೇ ಕೆರಳದೆ ಉಳಿದದ್ದನ್ನು ಅವರು ಗಮನಿಸಿದ್ದರು. ಪಿಎಂಎಂಎ ಇಂದಿಗೂ ಇದೆ. ಮಡಚಲು ಬರುವುದಿಲ್ಲವಾದ್ದರಿಂದ 6 ಮಿ.ಮೀ. ಆಸುಪಾಸಿನ ಗಾಯ ಬೇಕು, ಹೊಲಿಗೆಯಿಲ್ಲದ ಸಣ್ಣ ಗಾಯದ ಎಸ್‌ಐಸಿಎಸ್ ಆಪರೇಷನ್‌ನಲ್ಲಿ ಹಾಕುತ್ತಾರೆ. ಫೇಕೋಗಿಂತ ಗಾಯ ದೊಡ್ಡದಾದ್ದರಿಂದ ಸ್ವಲ್ಪ ಸಿಲಿಂಡರ್ ಸೇರುತ್ತದೆ, ಕನ್ನಡಕದಲ್ಲಿ ಸರಿಹೋಗುತ್ತದೆ. ಹಾಗೆಂದು ಇದು ಕೆಟ್ಟ ಲೆನ್ಸ್ ಅಲ್ಲ.

ಮಡಚುವ ಲೆನ್ಸ್‌ಗಳಲ್ಲಿ ಮುಖ್ಯ ಎರಡು: ನೀರು ಹೀರದ ಹೈಡ್ರೋಫೋಬಿಕ್ ಅಕ್ರಿಲಿಕ್, ನೀರು ಹೀರುವ ಹೈಡ್ರೋಫಿಲಿಕ್ ಅಕ್ರಿಲಿಕ್. ಮೊದಲನೆಯದು, ಅದರಲ್ಲೂ ಚೌಕ ಅಂಚಿನದು, ಚೀಲಕ್ಕೆ ಅಂಟಿ ಕೂರುವುದರಿಂದ ಹಿಂದೆ ಮತ್ತೆ ಮಂಜು ಕವಿಯುವುದು ನಿಧಾನ. ಎರಡನೆಯದು ಅಗ್ಗ, ಸಣ್ಣ ಗಾಯಕ್ಕೂ ತೂರುತ್ತದೆ. ಆದರೆ ಅಪರೂಪಕ್ಕೆ ಸುಣ್ಣ ಕಟ್ಟಿ ಬಿಳಿಚಿಕೊಳ್ಳುತ್ತದೆ, ಮುಂದೆ ರೆಟಿನಾ ಅಥವಾ ಕಾರ್ನಿಯಾ ಆಪರೇಷನ್ ಆಗಿ ಕಣ್ಣೊಳಗೆ ಗಾಳಿ-ಗ್ಯಾಸ್ ಬಿಡಬೇಕಾದರೆ ಆ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಯವರು ಹೈಡ್ರೋಫೋಬಿಕ್ ಕೇಳಿ.

ಕೌನ್ಸೆಲರ್ “ಇಂಡಿಯನ್” ಎಂದಾಗ ಮುಖ ಸಣ್ಣ ಮಾಡಿಕೊಳ್ಳಬೇಕಿಲ್ಲ. 1992ರಲ್ಲಿ ಮಧುರೈಯಲ್ಲಿ ಶುರುವಾದ ಅರೋಲ್ಯಾಬ್ ಲೆನ್ಸ್ ಬೆಲೆಯನ್ನು ಹತ್ತು ಡಾಲರ್‌ಗಿಂತ ಕೆಳಗೆ ತಂದದ್ದರಿಂದಲೇ ಬಡವರ ಕಣ್ಣಿಗೂ ಲೆನ್ಸ್ ಸಿಗುವಂತಾಯಿತು. ಅಲ್ಲಿಯ ಲೆನ್ಸ್‌ಗಳು ಹೊರದೇಶಗಳಿಗೂ ಹೋಗುತ್ತವೆ. ದೇಶದ ಬದಲು ಕೇಳಬೇಕಾದ್ದು: ಮಾಡೆಲ್ ಯಾವುದು, ವಸ್ತು ಯಾವುದು, ಅಂಚು ಚೌಕವೇ, ಈ ಡಾಕ್ಟರು ಇದನ್ನು ಎಷ್ಟು ಕಾಲದಿಂದ ಹಾಕುತ್ತಿದ್ದಾರೆ? ಹಳದಿ ಬಣ್ಣದ ಲೆನ್ಸ್ ರೆಟಿನಾವನ್ನು ಕಾಪಾಡುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ಅದಕ್ಕೆಂದೇ ಹೆಚ್ಚು ದುಡ್ಡು ಬೇಡ.

ಖರ್ಚು

ಕೊಟೇಶನ್‌ನಲ್ಲಿ ಲೆನ್ಸ್ ಬೇರೆ, ಆಪರೇಷನ್ ಬೇರೆ, ಪರೀಕ್ಷೆಗಳು ಬೇರೆ ಸಾಲಿನಲ್ಲಿರಲಿ. ಹಲವು ವಿಮೆ ಪಾಲಿಸಿಗಳಲ್ಲಿ ಪೊರೆಗೆ 2 ವರ್ಷ ಕಾಯುವ ಅವಧಿ ಇರುತ್ತದೆ, ಒಂದು ಕಣ್ಣಿಗೆ ಇಷ್ಟೇ ಎಂಬ ಮಿತಿ ಇರುತ್ತದೆ, ಮಲ್ಟಿಫೋಕಲ್ ಅಥವಾ ಟೋರಿಕ್‌ನ ಹೆಚ್ಚುವರಿ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಇದು ಡೇ-ಕೇರ್ ಚಿಕಿತ್ಸೆ, 24 ಗಂಟೆ ದಾಖಲಾಗಬೇಕಿಲ್ಲ. ಪೂರ್ವಾನುಮತಿಯ ಪತ್ರದಲ್ಲಿ ಲೆನ್ಸ್ ಹೆಸರಿನ ಪಕ್ಕ ಎಷ್ಟು ಮಂಜೂರಾಗಿದೆ ನೋಡಿ, ಆಮೇಲೆ ಸಹಿ ಮಾಡಿ.

ದುಡ್ಡಿಲ್ಲವೆಂದು ಪೊರೆ ಇಟ್ಟುಕೊಂಡು ಕೂರುವ ಅಗತ್ಯವೇ ಇಲ್ಲ. 1976ರಿಂದ ನಡೆದಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಲೆನ್ಸ್ ಸಮೇತ ಉಚಿತ ಆಪರೇಷನ್ ಆಗುತ್ತದೆ. ಬೆಂಗಳೂರಿನಲ್ಲಿ 1896ರಿಂದ ಇರುವ ಮಿಂಟೋ ಕಣ್ಣಾಸ್ಪತ್ರೆ ಇದೆ. ಅಲ್ಲೂ, ಶಿಬಿರಗಳಲ್ಲೂ ಎರಡು ಮಾತು ಹೇಳಲು ಸಂಕೋಚ ಬೇಡ: ಹಳೆಯ ಕನ್ನಡಕದ ನಂಬರ್ ಇದು, ಮತ್ತು ನನ್ನ ಕೆಲಸ ಇಷ್ಟು ಹತ್ತಿರದ್ದು.

ಆ ದಿನ ಮತ್ತು ಆಮೇಲೆ

ಮುಂಚಿತವಾಗಿ ಕೇಳಿಡಬೇಕಾದ ಪ್ರಶ್ನೆ: “ಚೀಲ ಹರಿದರೆ ಯಾವ ಲೆನ್ಸ್ ಹಾಕುತ್ತೀರಿ?” ನುರಿತವರ ಕೈಯಲ್ಲೂ ಅಪರೂಪಕ್ಕೆ ಹೀಗಾಗುತ್ತದೆ. ಆಗ ಒಂದೇ ತುಂಡಿನ ಮಡಚುವ ಲೆನ್ಸ್ ಅನ್ನು ಚೀಲದ ಮುಂದೆ ಇಡಬಾರದು, ಅದರ ದಪ್ಪ ತೋಳು ಪಾಪೆಯ ಸುತ್ತಲಿನ ಬಣ್ಣದ ಪರದೆಗೆ ಉಜ್ಜುತ್ತದೆ. ತೆಳು ತೋಳಿನ ಮೂರು ತುಂಡಿನ ಲೆನ್ಸ್ ಬೇಕು, ಪವರ್ ಕೂಡ 0.5ರಿಂದ 1ರಷ್ಟು ಕಡಿಮೆ. ಅಂದರೆ ಮಲ್ಟಿಫೋಕಲ್ ಆಸೆ ಅಲ್ಲಿಗೆ ಬಿಡಬೇಕಾಗಬಹುದು. ಹಾಗಾದರೆ ಕಟ್ಟಿದ ಹೆಚ್ಚುವರಿ ದುಡ್ಡು ವಾಪಸ್ ಬರುತ್ತದೆಯೇ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿರುವವರು, ನಿಲ್ಲಿಸಿ ವರ್ಷವಾಗಿದ್ದರೂ, ಹೇಳಲೇಬೇಕು. ಅದು ಪಾಪೆಯನ್ನು ಸಡಿಲ ಮಾಡಿ ಆಪರೇಷನ್ ಕಷ್ಟ ಮಾಡುತ್ತದೆ.

ಲೆನ್ಸ್ ಪೆಟ್ಟಿಗೆಯೊಳಗೆ ಅಂಟಿಸುವ ಚೀಟಿಗಳು ಬರುತ್ತವೆ. ಬೆರಳಗಲದ ಬಿಳಿ ಕಾಗದ, ಅದರಲ್ಲಿ ಮಾಡೆಲ್, ಪವರ್, ಸೀರಿಯಲ್ ನಂಬರ್, ಬಳಕೆಯ ಕೊನೆ ದಿನ. ಟೋರಿಕ್ ಆದರೆ ಸಿಲಿಂಡರ್ ಕೂಡ. ಒಂದು ಚೀಟಿ ಡಿಸ್ಚಾರ್ಜ್ ಹಾಳೆಗೆ ಅಂಟಿರಬೇಕು. ಕೊಟೇಶನ್‌ನಲ್ಲಿದ್ದ ಹೆಸರಿಗೂ ಚೀಟಿಯ ಹೆಸರಿಗೂ ತಾಳೆ ಹಾಕಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಹತ್ತು ವರ್ಷದ ನಂತರ ರೆಟಿನಾ ಡಾಕ್ಟರು “ಒಳಗೆ ಯಾವ ಲೆನ್ಸ್?” ಎಂದಾಗ ಅದೊಂದೇ ಉತ್ತರ.

ನೋವು, ಕೆಂಪು, ನೋಟ ದಿಢೀರನೆ ಕುಸಿತ, ಇವುಗಳಲ್ಲಿ ಯಾವುದೇ ಕಂಡರೂ ಮೊದಲ ದಿನಗಳಲ್ಲಿ ಬೆಳಗಾಗಲಿ ಎಂದು ಕಾಯಬೇಡಿ. ಅದು ಸೋಂಕಿರಬಹುದು, ಆ ಹೊತ್ತಿಗೇ ಹೋಗಬೇಕು. ಕನ್ನಡಕದ ಹೊಸ ನಂಬರ್ ಫೇಕೋ ಆಗಿ ಸುಮಾರು ನಾಲ್ಕು ವಾರಕ್ಕೆ, ಎಸ್‌ಐಸಿಎಸ್ ಆದರೆ ಆರು ವಾರಕ್ಕೆ ನಿಲ್ಲುತ್ತದೆ, ಅದಕ್ಕೂ ಮುಂಚೆ ಮಾಡಿಸಿದ ಕನ್ನಡಕ ದಂಡ.

ತಿಂಗಳುಗಳೋ ವರ್ಷಗಳೋ ಕಳೆದು ನೋಟ ಮತ್ತೆ ಮಂಜಾದರೆ “ಪೊರೆ ಮತ್ತೆ ಬಂತು” ಎಂದು ಹೆದರುತ್ತಾರೆ. ಚೀಲದ ಹಿಂಗೋಡೆ ಮಂಜಾಗಿರುತ್ತದೆ, ಯಾಗ್ ಲೇಸರಿನಿಂದ ಕೆಲವೇ ನಿಮಿಷದಲ್ಲಿ ಅದಕ್ಕೆ ಕಿಂಡಿ ಮಾಡುತ್ತಾರೆ. ಒಂದೇ ಎಚ್ಚರ: ಮಲ್ಟಿಫೋಕಲ್ ಒಗ್ಗದೆ ಅದನ್ನು ತೆಗೆಸುವ ಯೋಚನೆ ಸ್ವಲ್ಪವಾದರೂ ಇದ್ದರೆ ಯಾಗ್ ಮಾಡಿಸಬೇಡಿ. ಹಿಂಗೋಡೆ ಒಡೆದ ಮೇಲೆ ಲೆನ್ಸ್ ಬದಲಿಸುವುದು ಬಹಳ ಕಷ್ಟ.

ಎರಡನೆಯ ಕಣ್ಣಿಗೆ ಹೋಗುವಾಗ ಮೊದಲ ಕಣ್ಣಿನ ಫಲಿತಾಂಶವನ್ನು ಜೊತೆಗೆ ಒಯ್ಯಿರಿ, ವಿಶೇಷವಾಗಿ ಆಸ್ಪತ್ರೆ ಬದಲಿಸಿದ್ದರೆ. ಟಾರ್ಗೆಟ್ ಎಷ್ಟಿತ್ತು, ನಾಲ್ಕು ವಾರದ ನಂತರ ನಿಂತದ್ದೆಷ್ಟು ಎರಡೂ ಬೇಕು. ಮೈನಸ್ 0.25 ಅಂದುಕೊಂಡದ್ದು ಮೈನಸ್ 1.25ಕ್ಕೆ ನಿಂತಿದ್ದರೆ ಆ ಒಂದರ ತಪ್ಪಿನಲ್ಲಿ ಸುಮಾರು ಅರ್ಧವನ್ನು ಎರಡನೆಯ ಕಣ್ಣಿನ ಲೆಕ್ಕದಲ್ಲಿ ಮೊದಲೇ ತಿದ್ದಿಕೊಳ್ಳುವ ಪದ್ಧತಿ ಡಾಕ್ಟರುಗಳಲ್ಲಿದೆ.